ಈಜುಕೊಳದ ಬೋರ್‌ವೆಲ್

ಸಿದ್ದನಕಟ್ಟೆಗೆ ಸರ್ಕಾರ ಈಜುಕೊಳ ಕೊಟ್ಟಿದೆ ಎಂಬ ಸುದ್ದಿಯನ್ನು ಊರಿನವರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಅನುಮಾನಪಟ್ಟರು. ಬಸ್ಸು ಹೊತ್ತಿಗೆ ಸರಿಯಾಗಿ ಬಾರದ ಊರು ಅದು. ಜ್ವರ ಬಂದರೆ ಶೆಟ್ಟಿಕೆರೆಗೋ ಚಿಕ್ಕನಾಯಕನಹಳ್ಳಿಗೋ ಹೋಗಬೇಕು. ಇಂಥ ಕಡೆ ನೀಲಿ ಟೈಲ್ಸ್ ಹಾಕಿದ ಈಜುಕೊಳ ಯಾಕೆ ಬರುತ್ತದೆ? ಇದರ ಹಿಂದೆ ಗಣಿಯವರಿದ್ದಾರೆ, ಗೋಮಾಳ ಹೊಡೆಯುವುದಕ್ಕೆ ಇದೊಂದು ನೆಪ ಎಂದು ಅರಳಿಕಟ್ಟೆಯ ಮೇಲೆ ಕೆಲವರು ಹೇಳಿದರು. ಗುತ್ತಿಗೆದಾರ ಯಾರ ಕಡೆಯವನು ಎಂದು ಇನ್ನು ಕೆಲವರು ವಿಚಾರಿಸಿದರು.

ಹಾಗೆ ನೋಡಿದರೆ ಕಾರಣ ಎಲ್ಲರಿಗೂ ಗೊತ್ತಿತ್ತು. ಹಿಂದಿನ ವರ್ಷ ಊರಾಚೆಯ ಹಟ್ಟಿಯ ರಂಗಕ್ಕನ ಮೊಮ್ಮಗ ಜುಂಜೇಶ್ ಕೃಷಿಹೊಂಡಕ್ಕೆ ಬಿದ್ದು ಸತ್ತಿದ್ದ. ಕುರಿ ಹೊಡೆದುಕೊಂಡು ಹೋದವನು ನೀರಿಗೆ ಬಗ್ಗಿದ್ದ. ಹೊಂಡದ ಒಳಗೆಲ್ಲ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಪಾಚಿ. ಒಮ್ಮೆ ಜಾರಿದ ಮೇಲೆ ಹಿಡಿದುಕೊಂಡು ಮೇಲೆ ಬರಲು ಏನೂ ಸಿಗುವುದಿಲ್ಲ. ತಾಲ್ಲೂಕಿನಲ್ಲಿ ಆ ವರ್ಷ ಹಾಗೆ ಸತ್ತ ಮಕ್ಕಳು ಬೇರೆಯೂ ಇದ್ದರು. ಪೇಪರಿನಲ್ಲಿ ಬಂತು, ದೊಡ್ಡವರು ಬಂದರು, ಹಳ್ಳಿ ಮಕ್ಕಳಿಗೆ ಈಜು ಕಲಿಸಬೇಕು ಎಂದು ಮಾತಾಯಿತು. ಹಾಗೆ ಬಂದದ್ದು ಈ ಅನುದಾನ.

ಆ ಹೊಂಡ ಬಸವರಾಜುವಿನದು. ಪಂಚಾಯ್ತಿ ಮೆಂಬರು. ಹುಡುಗ ಹೋದ ಮೇಲೆ ಅವನು ಹೊಂಡದ ನೀರನ್ನೆಲ್ಲ ಹೊರಗೆ ಬಿಟ್ಟು, ಸುತ್ತ ಮುಳ್ಳುತಂತಿ ಹಾಕಿಸಿದ. ಹಟ್ಟಿಗೆ ಹೋಗಿ ರಂಗಕ್ಕನ ಎದುರು ಕೈಮುಗಿದು, ಇನ್ನು ಮೇಲೆ ಅದಕ್ಕೆ ಹನಿ ನೀರು ತುಂಬಿಸುವುದಿಲ್ಲ ಎಂದ. ಈಜುಕೊಳಕ್ಕಾಗಿ ತುಮಕೂರಿಗೆ ಓಡಾಡಿದವನೂ ಅವನೇ. ಜನ ಅವನನ್ನು ಆ ವಿಷಯದಲ್ಲಿ ಮೆಚ್ಚಿಕೊಂಡಿದ್ದರು.

ಹೊಂಬಾಳಮ್ಮ ಅವನ ಅತ್ತಿಗೆ. ಗಂಡ ತೀರಿಕೊಂಡ ಮೇಲೂ ಅಣ್ಣತಮ್ಮಂದಿರ ತೆಂಗಿನ ತೋಟ ಪಾಲಾಗಿರಲಿಲ್ಲ. ಮಗ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದ, ಬೆಳಗಿನ ಬಸ್ಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಮನೆಯಲ್ಲಿ ಸೊಸೆ ಅನಿತಾ, ಮೊಮ್ಮಗಳು ಧನ್ಯಶ್ರೀ. ತೋಟಕ್ಕೆ ನೀರು ಬಿಡುವುದು, ಕಾಯಿ ಕೆಡವಿಸುವುದು ಎಲ್ಲ ಮೈದುನನೇ ನೋಡಿಕೊಳ್ಳುತ್ತಿದ್ದ.

ಈಜುಕೊಳದ ಬಗ್ಗೆ ಗ್ರಾಮಸಭೆ ಆದಾಗ ಹೆಂಗಸರ ಸಾಲಿನಿಂದ ಎದ್ದು ಮಾತಾಡಿದವಳು ಹೊಂಬಾಳಮ್ಮನೊಬ್ಬಳೇ.

"ಅದ್ರ ಬೋರು ನಮ್ಮ ಬೇಲಿ ಪಕ್ಕಕ್ಕೇ ಬೀಳ್ತದೆ. ಅಷ್ಟ್ ದೊಡ್ಡ ಗುಂಡಿ ತುಂಬ್ಸಿದ್ರೆ ನಮ್ಮ ಬೋರ್‌ನಾಗೆ ಏನ್ ಉಳೀತದೆ? ಮರಕ್ಕೆ ಏನ್ ಹುಯ್ಯಾನ? ಈಜು ಕಲ್ಸೋರು ನೀರೂ ತಂದ್ಕಳ್ಲಿ."

ಗೋಡೆಯ ಹತ್ತಿರ ನಿಂತಿದ್ದ ರಂಗಕ್ಕ ತಿರುಗಿ ಅವಳನ್ನು ನೋಡಿದಳು. ಆ ನೋಟ ಹೊಂಬಾಳಮ್ಮನಿಗೆ ಮನೆಗೆ ಬಂದ ಮೇಲೂ ಚುಚ್ಚುತ್ತಿತ್ತು. ಆದರೆ ತಾನು ಹೇಳಿದ್ದು ತಪ್ಪು ಅಂತ ಅನ್ನಿಸಲಿಲ್ಲ.

ಕೆಲಸ ಶುರುವಾಯಿತು. ಗುಂಡಿ ತೋಡಿದರು, ಕಾಂಕ್ರೀಟು ಹಾಕಿದರು, ಬಟ್ಟೆ ಬದಲಾಯಿಸುವ ಕೋಣೆ ಕಟ್ಟಿದರು. ಒಂದು ಬದಿಗೆ ಟೈಲ್ಸೂ ಬಂತು. ಬೋರ್ ಲಾರಿ ಬಂದು ಊರೆಲ್ಲ ಬಿಳಿ ದೂಳು ಎಬ್ಬಿಸಿತು. ಪಕ್ಕದಲ್ಲೇ ಮೋಟರ್ ಮನೆ ಕಟ್ಟಿ, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಬಸವರಾಜುವಿಗೆ ಕೊಟ್ಟರು. ಆಮೇಲೆ ಒಂದು ದಿನ ಗುತ್ತಿಗೆದಾರನ ಕಡೆಯ ಇಂಜಿನಿಯರು ಅರುಣ್ ಕುಮಾರ್ ಬಂದು, ಬೋರ್ ಫೇಲಾಗಿದೆ ಎಂದ. ನೀರಿನ ವ್ಯವಸ್ಥೆ ಇಲ್ಲದೆ ಮುಂದಿನ ಕಂತು ಬಿಡುಗಡೆ ಆಗುವುದಿಲ್ಲ ಎಂದ. ಕೆಲಸದವರು ಸಾಮಾನು ಕಟ್ಟಿಕೊಂಡು ಹೋದರು.

"ನಾವು ಹೇಳ್ಲಿಲ್ವಾ? ದುಡ್ಡು ನುಂಗಕ್ಕೇ ಮಾಡಿದ್ದು ಇದು" ಎಂದು ಕಟ್ಟೆಯ ಮೇಲಿನವರು ಒಂಥರಾ ಸಮಾಧಾನಪಟ್ಟುಕೊಂಡರು. ಗುಂಡಿಯಲ್ಲಿ ತೆಂಗಿನ ಗರಿ, ಪ್ಲಾಸ್ಟಿಕ್ ಕವರು ಬಂದು ಬಿದ್ದವು. ಹೊಂಬಾಳಮ್ಮನಿಗೂ ಒಳಗೊಳಗೆ ನೆಮ್ಮದಿಯೇ ಆಯಿತು.

ಆ ಬೇಸಿಗೆ ಬಿಸಿಲು ಜೋರಾಗಿತ್ತು. ಒಂದು ಮಧ್ಯಾಹ್ನ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಾಗ ರಂಗಕ್ಕ ಬಂದಳು. ಮೊಮ್ಮಗ ಹೋದ ಮೇಲೆ ಅವಳು ಈ ಕಡೆ ಕಾಲಿಟ್ಟಿರಲಿಲ್ಲ. ಜಗಲಿಯ ಅಂಚಿಗೆ ಕೂತು, ಕೊಟ್ಟ ನೀರನ್ನೂ ಕುಡಿಯದೆ ಪಕ್ಕಕ್ಕಿಟ್ಟಳು.

"ಒಂದ್ ಮಾತ್ ಕೇಳ್ತೀನಿ ಹೊಂಬಾಳಮ್ನೋರೆ, ಬೇಜಾರ್ ಮಾಡ್ಕಬ್ಯಾಡಿ."

"ಕೇಳು."

"ಎಲ್ಲಾರ್ ತೋಟ್ದಾಗೂ ನೀರಿಲ್ದೆ ತೆಂಗಿನ ಎಳೇ ಹರಳು ಉದುರ್ತಾವೆ. ನಿಮ್ಮ ತೋಟ ಮಾತ್ರ ಹಸ್ರಾಗೈತೆ. ನಿಮಗ್ ಎಲ್ಲಿಂದ ನೀರು?"

"ನಮ್ ಬೋರ್‌ನಾಗೆ ಐತೆ. ದೇವ್ರು ಕೊಟ್ಟವ್ನೆ" ಎಂದಳು ಹೊಂಬಾಳಮ್ಮ.

"ಫೇಲಾಗಿರೋ ಬೋರಿನ ಹತ್ರ ನೆಲ ಯಾಕ್ ತಣ್ಣಗಿರ್ತದೆ? ಬಿಸ್ಲೊತ್ನಾಗೆ ನನ್ ಕುರಿ ಮರದ್ ನೆಳ್ಳಿಗೆ ಹೋಗಲ್ಲ. ಆ ಮೋಟ್ರು ಮನೆ ಹಿಂದ್ಕೇ ಹೋಗಿ ಮಲಗ್ತಾವೆ."

"ಅದುಕ್ಕೆ ನಾನೇನ್ ಮಾಡಾನ? ಬೀಗದ ಕೈ ನನ್ ಹತ್ರ ಐತಾ?"

"ಇಲ್ಲ" ಎಂದಳು ರಂಗಕ್ಕ. "ಆವತ್ತು ಸಭೇಲಿ ಆ ಈಜುಕೊಳ ಬ್ಯಾಡ ಅಂದೋರು ನೀವು ಒಬ್ರೇ. ಅದುಕ್ಕೆ ಕೇಳ್ದೆ."

ಅವಳು ಹೋದ ಮೇಲೆ ಹೊಂಬಾಳಮ್ಮ ಹುಣಸೆಹಣ್ಣನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಮೊದಲು ಸಿಟ್ಟು ಬಂತು. ತನ್ನ ಮನೆಯ ಜಗಲಿಯಲ್ಲೇ ಕೂತು ತನ್ನನ್ನೇ ಕಳ್ಳಿ ಅಂದಳಲ್ಲ ಎಂದು. ಕುರಿಗಳನ್ನು ತೋಟಕ್ಕೆ ನುಗ್ಗಿಸಲು ಇದೊಂದು ದಾರಿ ಮಾಡಿಕೊಳ್ಳುತ್ತಿದ್ದಾಳೋ ಏನೋ ಅನ್ನಿಸಿತು. ಸಂಜೆ ಅನಿತಾಗೆ ಹೇಳಿದಾಗ ಅವಳು ಕಾಫಿ ಸೋಸುತ್ತ, "ಅಲ್ಲ ಅತ್ತೆ, ಒಂದ್ ಮಾತು. ಚಿಕ್ಕಮಾವ ಈ ವರ್ಷ ನಮ್ಗೆ ಮೋಟ್ರು ಹಾಕಿ ಅಂತ ಹೇಳೇ ಇಲ್ಲ. ಹೋದ್ ವರ್ಷ ಕರೆಂಟ್ ಬಂತು ಅಂದ್ರೆ ಫೋನ್ ಮೇಲೆ ಫೋನ್ ಮಾಡೋರು" ಎಂದಳು.

ಅದು ನಿಜ. ಹೊಂಬಾಳಮ್ಮ ಅದನ್ನು ಗಮನಿಸಿಯೇ ಇರಲಿಲ್ಲ.

ಮಾರನೆಯ ದಿನ ತ್ರೀ ಫೇಸ್ ಕರೆಂಟು ಬರುವುದಕ್ಕೆ ಮೊದಲೇ ಅವಳು ತೋಟಕ್ಕೆ ಹೋಗಿ ತಮ್ಮ ಬೋರಿನ ಸ್ಟಾರ್ಟರ್ ಆಫಾಗಿದೆಯೇ ಎಂದು ನೋಡಿದಳು. ಆಫಾಗಿತ್ತು. ಸಾಲದು ಅಂತ ಫ್ಯೂಸನ್ನೂ ಕಿತ್ತು ಸೆರಗಿಗೆ ಕಟ್ಟಿಕೊಂಡಳು. ಬಿದ್ದ ತೆಂಗಿನ ಹೆಡೆಮಟ್ಟೆಗಳನ್ನು ಎಳೆದು ಒಂದು ಕಡೆ ಹಾಕುತ್ತ ಕಾದಳು. ಕರೆಂಟು ಬಂದ ಸ್ವಲ್ಪ ಹೊತ್ತಿಗೆ ಮರಗಳ ಬುಡದಲ್ಲಿ ಡ್ರಿಪ್ ಪೈಪು ಗಾಳಿ ಉಗುಳಿ, ಆಮೇಲೆ ನೀರು ಬಿಟ್ಟಿತು.

ಹೊಂಬಾಳಮ್ಮ ಅಂಗೈ ಒಡ್ಡಿದಳು. ತಣ್ಣನೆಯ ನೀರು. ಗುತ್ತಿಗೆದಾರ ಇರಬೇಕು, ಆ ಇಂಜಿನಿಯರು ಹುಡುಗ ಇರಬೇಕು ಎಂದು ಮನಸ್ಸು ಅವರಿವರ ಮೇಲೆ ಹೋಯಿತು. ಅವರಿಗೆ ತನ್ನ ತೋಟಕ್ಕೆ ನೀರು ಬಿಟ್ಟು ಆಗಬೇಕಾದ್ದು ಏನು ಎಂಬುದಕ್ಕೆ ಮಾತ್ರ ಉತ್ತರ ಸಿಗಲಿಲ್ಲ.

ಪೈಪಿನ ಜಾಡು ಹಿಡಿದು ನಡೆದಳು. ಸಣ್ಣ ಪೈಪು ದೊಡ್ಡ ಪೈಪಿಗೆ ಸೇರಿತು. ದೊಡ್ಡ ಪೈಪು ಮೈದುನನ ಮನೆ ಕಡೆಯ ತೋಟ ದಾಟಿ, ಲಂಟಾನ ಬೆಳೆದು ಮುಚ್ಚಿದ್ದ ಏರಿಯ ಕೆಳಗೆ ಹೋಯಿತು. ಆ ಹುಡುಗ ಹೋದ ಮೇಲೆ ಮನೆಯವರು ಯಾರೂ ಆ ಮೂಲೆಗೆ ಹೋಗುತ್ತಿರಲಿಲ್ಲ. ಅಲ್ಲಿಗೆ ಹೋಗಬೇಡಿ, ಮನಸ್ಸು ಕೆಡುತ್ತದೆ ಎಂದು ಬಸವರಾಜುವೇ ಹೇಳಿದ್ದ.

ಏರಿ ಹತ್ತಿ ನೋಡಿದಳು. ಹೊಂಡ ತುಂಬಿತ್ತು.

ನೀರು ಅಂಚಿನವರೆಗೂ ನಿಂತು ಬಿಸಿಲಿಗೆ ಹೊಳೆಯುತ್ತಿತ್ತು. ಈಜುಕೊಳದ ಕಡೆಯಿಂದ ಬಂದ ಕರಿ ಪೈಪೊಂದು ಒಳಗೆ ನೀರು ಸುರಿಯುತ್ತಿತ್ತು. ಇನ್ನೊಂದು ಪೈಪು ತೋಟಕ್ಕೆ ಎಳೆದುಕೊಳ್ಳುತ್ತಿತ್ತು. ಮುಳ್ಳುತಂತಿ ಒಂದು ಕಡೆ ಜೋತುಬಿದ್ದು ಒಬ್ಬರು ನುಸುಳುವಷ್ಟು ಸಂದಿಯಾಗಿತ್ತು. ಸಂದಿಯ ಹತ್ತಿರ ಮಣ್ಣು ಸವೆದಿತ್ತು.

ಹೊಂಬಾಳಮ್ಮ ಅಲ್ಲಿಂದ ನೇರ ಮೈದುನನ ಮನೆಗೆ ಹೋದಳು. ಬಸವರಾಜು ಹಿತ್ತಲಲ್ಲಿ ಗೂಟಕ್ಕೆ ಕಾಯಿ ಹೊಡೆದು ಮಟ್ಟೆ ಸುಲಿಯುತ್ತಿದ್ದ.

"ಹೊಂಡ ತುಂಬೈತೆ ಬಸವರಾಜ."

ಅವನು ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿ, ಇನ್ನೊಂದನ್ನು ಎತ್ತಿಕೊಂಡ. "ನೋಡ್ಕಂಡ್ ಬಂದ್ರಾ" ಎಂದ.

"ಆ ಬೋರು ಫೇಲಾಗಿಲ್ಲ."

"ಒಳ್ಳೆ ನೀರು ಬಿತ್ತು ಅತ್ಗೆ. ಈ ಸುತ್ನಾಗೆ ಅಷ್ಟ್ ನೀರು ಬಿದ್ದಿದ್ದು ನಾನ್ ನೋಡಿಲ್ಲ. ಆ ಹುಡ್ಗ ಅರುಣನ್ ಕೂಡ ಮಾತಾಡ್ದೆ. ಫೇಲು ಅಂತ ಬರ್ಕಂಡ್ ಹೋದ. ಮೋಟ್ರು ನಾನೇ ಇಳಿಸ್ಕಂಡೆ."

"ರಂಗಕ್ಕನ್ ಮುಂದೆ ಕೈ ಮುಗ್ದಿದ್ದೆ ನೀನು."

ಅವನು ಆಗ ಕಾಯಿ ಕೆಳಗಿಟ್ಟ. "ಕೈ ಮುಗ್ದಿದ್ದು ಸುಳ್ಳಲ್ಲ. ಆದ್ರೆ ಆ ಕೊಳ ತುಂಬುದ್ರೆ ನಮ್ ಬೋರು ಉಳೀತಿತ್ತಾ? ಸಭೇಲಿ ನಿಂತ್ಕಂಡು ಹೇಳ್ದೋರು ಯಾರು? ನೀವೇ ಅಲ್ವಾ? ನಾನ್ ಈ ನೀರು ಯಾವನಿಗೂ ಮಾರ್ಲಿಲ್ಲ. ನಿಮ್ ಮರಕ್ಕೂ ಬಿಟ್ಟೆ, ನನ್ ಮರಕ್ಕೂ ಬಿಟ್ಟೆ. ಅಣ್ಣ ನೆಟ್ಟಿದ್ ಮರ ಒಣಗಕ್ ಬುಡ್ಲಾ?"

ಹೊಂಬಾಳಮ್ಮ ಸೆರಗಿಗೆ ಕಟ್ಟಿದ್ದ ಫ್ಯೂಸನ್ನು ಬಿಚ್ಚಿ ಕೈಯಲ್ಲಿ ಹಿಡಿದಳು.

"ಸುಮ್ನಿರಿ ಅತ್ಗೆ. ಇನ್ನೇನು, ಆಫೀಸ್ನೋರು ಬಂದು ಈ ಕೆಲ್ಸ ಕೈ ಬುಟ್ವಿ ಅಂತ ಬರ್ಕಂಡು ಹೋಯ್ತಾರೆ. ಉಳಿದ ದುಡ್ಡು ಬೇರೆ ತಾಲ್ಲೂಕಿಗೆ ಹೋಗ್ತದೆ. ಅಲ್ಲಿಗೆ ಮುಗೀತು."

ಅವಳು ಸುಮ್ಮನಿದ್ದಳು. ದಿನಗಳು ಕಳೆದವು. ಸೊಸೆಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ಬೀದಿಯಲ್ಲಿ ಯಾರಾದರೂ ನಿಂತು ಮಾತಾಡಿಸಿದರೆ, ಇವರಿಗೆ ಗೊತ್ತಾಗಿರಬಹುದೇ ಎಂದು ಅವರ ಮುಖ ನೋಡುತ್ತಿದ್ದಳು. ತೋಟಕ್ಕೆ ಹೋದರೆ ಮರಗಳು ಹೊಸ ಹೊಂಬಾಳೆ ಬಿಟ್ಟಿದ್ದವು. ನೋಡಿದರೆ ಖುಷಿಯಾಗುತ್ತಿತ್ತು, ಖುಷಿಯಾದದ್ದಕ್ಕೆ ನಾಚಿಕೆಯಾಗುತ್ತಿತ್ತು. ಬಸವರಾಜು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಒಂದು ಸಲ, ಇನ್ನೂ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಇನ್ನೊಂದು ಸಲ ಅನ್ನಿಸುತ್ತಿತ್ತು.

ಒಂದು ಸಂಜೆ ಧನ್ಯಶ್ರೀಗೆ ಜಡೆ ಹಾಕುತ್ತಿದ್ದಳು. ಹುಡುಗಿಯ ಲಂಗದ ಅಂಚು ಹರಿದಿತ್ತು, ಮುಳ್ಳು ಗೀರಿದ ಹಾಗೆ.

"ಎಲ್ಲಿ ಹರ್ಕಂಡೆ ಇದ್ನ?"

ಹುಡುಗಿ ಲಂಗದ ಅಂಚನ್ನು ಕೈಯಿಂದ ಮುಚ್ಚಿಕೊಂಡಳು. ಇನ್ನೊಮ್ಮೆ ಕೇಳಿದಾಗ, "ತಂತೀಲಿ" ಎಂದಳು.

"ಯಾವ ತಂತಿ?"

"ಅಲ್ಲಿ ಮೀನು ಅವೆ ಅಜ್ಜಿ. ಸಣ್ ಸಣ್ ಮೀನು. ಚಿಕ್ಕತಾತ ನೋಡ್ಬುಟ್ಟು, ಯಾರ್ಗೂ ಹೇಳ್ಬ್ಯಾಡ, ಇನ್ನೊಂದ್ ಸಲ ಬರ್ಬ್ಯಾಡ ಅಂದ್ರು."

"ಆಮೇಲೂ ಹೋಗಿದ್ಯಾ?"

ಹುಡುಗಿ ತಲೆ ಬಗ್ಗಿಸಿದಳು. ಮೈದುನ ಮಗುವನ್ನು ಆ ನೀರಿನ ಹತ್ತಿರ ನೋಡಿದ್ದ. ನೋಡಿಯೂ ಒಂದು ಮಾತು ಮನೆಗೆ ಹೇಳಿರಲಿಲ್ಲ. ಆ ತಂತಿಯನ್ನು ಬಿಗಿಯುವಷ್ಟೂ ಅವನಿಗೆ ತೋಚಿರಲಿಲ್ಲ.

ಬೆಳಗಾಗುತ್ತಲೇ ಅವಳು ಹಟ್ಟಿಗೆ ಹೋದಳು. ರಂಗಕ್ಕ ಕುರಿದೊಡ್ಡಿಯ ಬಾಗಿಲು ತೆಗೆಯುತ್ತಿದ್ದಳು. ಅವಳನ್ನು ನೋಡಿ ಬೇಲಿಯ ಹತ್ತಿರವೇ ನಿಂತಳು, ಒಳಗೆ ಕರೆಯಲಿಲ್ಲ.

"ನನ್ ಜೊತೆ ಬಾ ರಂಗಕ್ಕ. ಒಂದು ತೋರಿಸ್ತೀನಿ."

"ಎಲ್ಲಿಗೆ?"

"ತೋಟಕ್ಕೆ."

"ಯಾಕೆ? ನಿಮ್ಮ ಮೈದ್ನಾರು ಕಳಿಸವ್ರಾ?"

"ಅವ್ನಿಗೆ ಗೊತ್ತಿಲ್ಲ. ಬಾ."

ರಂಗಕ್ಕ ಕೂಡಲೇ ಹೊರಡಲಿಲ್ಲ. ಕೋಲು ತಂದಳು, ಸೊಸೆಯನ್ನು ಕರೆದು ತಾನು ಯಾರ ಜೊತೆ ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಗಟ್ಟಿಯಾಗಿ ಹೇಳಿದಳು. ಆಮೇಲೆ ಬಂದಳು. ದಾರಿಯುದ್ದಕ್ಕೂ ಹೊಂಬಾಳಮ್ಮನಿಗಿಂತ ಸ್ವಲ್ಪ ಹಿಂದೆಯೇ ನಡೆದಳು.

ಏರಿ ಹತ್ತಿ ರಂಗಕ್ಕ ನೀರನ್ನು ನೋಡಿದಳು. ಆಮೇಲೆ ನೆಲದ ಮೇಲೆ ಕೂತು, ಎಡಗಡೆಯ ಮೂಲೆಯತ್ತ ಕೋಲು ತೋರಿಸಿದಳು.

"ಅಲ್ಲಿಂದ ಎತ್ತಿದ್ದು ಅವ್ನ."

ಹೊಂಬಾಳಮ್ಮ ಅವಳ ಪಕ್ಕದಲ್ಲಿ ಕೂತಳು.

"ನಿಮ್ಗೆ ಯಾವಾಗ್ ಗೊತ್ತಾಯ್ತು?" ಎಂದು ರಂಗಕ್ಕ ಕೇಳಿದಳು.

"ನೀನ್ ಬಂದ್ ಹೋದ್ ಮಾರನೇ ದಿನ."

"ಅಷ್ಟ್ ದಿನದಿಂದ ಸುಮ್ನಿದ್ರಾ?"

"ಸುಮ್ನಿದ್ದೆ" ಎಂದಳು ಹೊಂಬಾಳಮ್ಮ.

ಅಧಿಕಾರಿ ಬಂದ ದಿನ ಗ್ರಾಮಸಭೆ ಈಜುಕೊಳದ ಗುಂಡಿಯ ಪಕ್ಕದಲ್ಲೇ, ಬೇವಿನ ಮರದ ಕೆಳಗೆ ಸೇರಿತು. ಅರುಣ್ ಕುಮಾರ್ ಕೂಡ ಬಂದಿದ್ದ. ನೀರು ಸಿಗದ ಕಾರಣ ಕಾಮಗಾರಿ ಕೈಬಿಡುವುದಕ್ಕೆ ಒಪ್ಪಿಗೆ ಇದೆಯೇ ಎಂದು ಅಧಿಕಾರಿ ಕೇಳಿದರು. ಕಟ್ಟೆಯವರು ಗೊಣಗಿದರೇ ಹೊರತು ಯಾರೂ ಒಪ್ಪಿಗೆ ಇಲ್ಲ ಎನ್ನಲಿಲ್ಲ. ಹೊಂಬಾಳಮ್ಮ ಎದ್ದು ನಿಂತಳು.

"ಬೋರು ಫೇಲಾಗಿಲ್ಲ ಸ್ವಾಮಿ. ಮೋಟ್ರು ಹಾಕ್ಸಿ ನೋಡಿ."

ಅಧಿಕಾರಿ ಅರುಣ್ ಕುಮಾರನತ್ತ ನೋಡಿದರು. "ಅಮ್ಮಾ, ಟೆಸ್ಟ್ ಮಾಡಿಯೇ ರಿಪೋರ್ಟ್ ಕೊಟ್ಟಿರೋದು. ಒಳಗೆ ಮೋಟರೇ ಇಳಿಸಿಲ್ಲ" ಎಂದು ಅವನು ನಕ್ಕ.

"ಇಳಿಸಿಲ್ದೆ ಇದ್ರೆ ಬೀಗ ತೆಗೆಯಕ್ಕೆ ಏನ್ ಕಷ್ಟ? ಬಸವರಾಜ, ಬೀಗದ ಕೈ ಕೊಡು."

"ಅತ್ಗೆ, ಮನೆ ವಿಷ್ಯ ಮನೇಲಿ ಮಾತಾಡಾನ" ಎಂದ ಬಸವರಾಜು. ದನಿ ಏರಿಸಿರಲಿಲ್ಲ. "ಈಗ ಕರೆಂಟೂ ಇಲ್ಲ."

ಪಕ್ಕದ ಶಾಲೆಯ ಜಗಲಿಯಿಂದ ಯಾರೋ, "ಐತೆ, ಫ್ಯಾನ್ ತಿರುಗ್ತಾ ಐತೆ" ಎಂದರು. ಜನ ತಿರುಗಿ ಬಸವರಾಜುವನ್ನು ನೋಡಿದರು. ಅವನು ಜೇಬಿಗೆ ಕೈ ಹಾಕಿದ, ತೆಗೆಯಲಿಲ್ಲ. ಅಷ್ಟರಲ್ಲಿ ಹೆಂಗಸರ ನಡುವಿನಿಂದ ರಂಗಕ್ಕ ಎದ್ದು ಬಂದು ಅವನ ಎದುರು ಕೈ ಚಾಚಿ ನಿಂತಳು. ಬಸವರಾಜು ಅವಳ ಮುಖ ನೋಡದೆ ಬೀಗದ ಕೈ ತೆಗೆದು ಆ ಅಂಗೈಗೆ ಹಾಕಿದ.

ಮೋಟರ್ ಹಾಕಿ, ಕರಿ ಪೈಪನ್ನು ಬಿಚ್ಚಿದಾಗ ನೀರು ಚಿಮ್ಮಿ ಅಧಿಕಾರಿಯ ಪ್ಯಾಂಟು ಒದ್ದೆಯಾಯಿತು. ಅರುಣ್ ಕುಮಾರ್ ಫೋನ್ ಬಂದಂತೆ ಮಾಡಿ ಆಚೆ ಹೋದ. ಹೊಂಬಾಳಮ್ಮ ಅಧಿಕಾರಿಯನ್ನೂ ಜನರನ್ನೂ ಹೊಂಡದವರೆಗೆ ಕರೆದುಕೊಂಡು ಹೋದಳು. ತನ್ನ ತೋಟಕ್ಕೆ ಹೋಗುವ ಪೈಪನ್ನೂ ಅವಳೇ ತೋರಿಸಿದಳು.

"ಇದು ನಿಮಗೂ ಬರ್ತಿತ್ತಲ್ಲ ಅಮ್ಮ" ಎಂದರು ಅಧಿಕಾರಿ.

"ಬರ್ತಿತ್ತು."

ವಿಚಾರಣೆ ನಡೆಯಿತು. ಅರುಣ್ ಕುಮಾರ್ ಮತ್ತೆ ಆ ಕಡೆ ಕಾಣಿಸಲಿಲ್ಲ, ಗುತ್ತಿಗೆ ಬೇರೆಯವರಿಗೆ ಹೋಯಿತು. ಬಸವರಾಜು ಮೆಂಬರುಗಿರಿ ಬಿಟ್ಟ. ಅವನಿಗೆ ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಪಂಚಾಯ್ತಿಯವರು ಹೊಂಡಕ್ಕೆ ಮಣ್ಣು ತುಂಬಿಸಿದರು. ತೋಟ ಪಾಲಾಯಿತು, ನಡುವೆ ಕಲ್ಲುಗಂಬದ ಬೇಲಿ ಬಂತು. ಅವನ ಹೆಂಡತಿ ಹೊಂಬಾಳಮ್ಮನ ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದಳು. ಮಗನೂ ಒಂದು ದಿನ, "ಚಿಕ್ಕಪ್ಪುನ್ ಮರ್ಯಾದೆ ಬೀದೀಲಿ ತೆಗೀಬೇಕಿತ್ತೇನವ್ವ?" ಎಂದು ಕೇಳಿದ. ಸೊಸೆ ಒಳಗಿನಿಂದಲೇ, "ನಿಮ್ ಮಗ್ಳು ಆ ನೀರ್ ಹತ್ರ ಆಡ್ತಿದ್ಲು ಕಣ್ರೀ" ಎಂದ ಮೇಲೆ ಮತ್ತೆ ಆ ಮಾತು ಎತ್ತಲಿಲ್ಲ.

ಉಳಿದ ಅನುದಾನ ಬಂದು, ಈಜುಕೊಳ ತುಂಬಿದ್ದು ಅದರ ಮುಂದಿನ ಬೇಸಿಗೆಗೆ. ತುಮಕೂರಿನಿಂದ ಯಮುನಾ ಎಂಬ ಹುಡುಗಿಯನ್ನು ಕಲಿಸಲು ಕಳಿಸಿದರು. ಮೊದಲ ದಿನಗಳಲ್ಲಿ ಊರಿನ ಮಕ್ಕಳು ಮಾತ್ರ ಬಂದವು. ಹಟ್ಟಿಯವರು ಯಾರೂ ಬರಲಿಲ್ಲ. ನಮ್ಮ ಮಕ್ಕಳು ಇಳಿದರೆ ಅದೇ ನೀರಿಗೆ ಊರಿನವರು ತಮ್ಮ ಮಕ್ಕಳನ್ನು ಇಳಿಸುತ್ತಾರಾ, ಇವತ್ತು ಸುಮ್ಮನಿದ್ದು ನಾಳೆ ಏನಾದರೂ ಅನ್ನುವುದಿಲ್ಲವಾ ಎಂದು ಅಲ್ಲಿ ಮಾತಾಗುತ್ತಿತ್ತಂತೆ. ಯಮುನಾ ಹಟ್ಟಿಗೆ ಹೋಗಿ ಕರೆದಳು. ಅನಿತಾ ಹೋದಳು. ಕೊನೆಗೆ ರಂಗಕ್ಕನೇ ತನ್ನ ಮೊಮ್ಮಗಳು ಸುಷ್ಮಿತಾಳನ್ನು ಕೈಹಿಡಿದು ಕರೆತಂದಳು.

ಸುಷ್ಮಿತಾ ಕೊಳದ ಅಂಚಿನ ಸರಳು ಬಿಡಲು ಒಪ್ಪಲಿಲ್ಲ. ಧನ್ಯಶ್ರೀ ಅವಳ ಪಕ್ಕದಲ್ಲೇ ನೀರಿಗಿಳಿದು, ಕಾಲು ಬಡಿಯುವುದನ್ನು ತೋರಿಸಿದಳು. ಯಾರೂ ಏನೂ ಅನ್ನಲಿಲ್ಲ. ಇನ್ನಿಬ್ಬರು ತಾಯಂದಿರು ಮಾತ್ರ ತಮ್ಮ ಮಕ್ಕಳಿಗೆ ಹೊತ್ತಾಯಿತು ಎಂದು ಕರೆದುಕೊಂಡು ಹೋದರು. ನಿಜವಾಗಿ ಹೊತ್ತಾಗಿತ್ತೋ ಇಲ್ಲವೋ ಹೇಳುವುದು ಕಷ್ಟ.

ರಂಗಕ್ಕ ಕೊಳದ ಕಟ್ಟೆಯ ಮೇಲೆ ಕೂತು ಮೊಮ್ಮಗಳಿಂದ ಕಣ್ಣು ತೆಗೆಯದೆ ಹೊಂಬಾಳಮ್ಮನನ್ನು ಕೇಳಿದಳು.

"ಈಗ ನಿಮ್ ತೋಟಕ್ಕೆ ಎಲ್ಲಿಂದ ನೀರು?"

"ನಮ್ ಬೋರಿಂದು. ಸಾಲಲ್ಲ. ಬೇಲಿ ಕಡೆ ಮರ ಎಲ್ಲ ಹರಳು ಕೆಡವ್ತಾ ಅವೆ."

"ಹೌದಾ" ಎಂದಳು ರಂಗಕ್ಕ. ನಂಬಿದ ದನಿಯಲ್ಲ ಅದು.

"ಬೇಕಾದ್ರೆ ಬಂದ್ ನೋಡು."

"ಬತ್ತೀನಿ" ಎಂದಳು ಅವಳು. ಸುಷ್ಮಿತಾ ನೀರಿನಿಂದ ಮೇಲೆ ಬಂದು ತಲೆ ಒರೆಸಿಕೊಂಡ ಮೇಲೆ, ಹುಡುಗಿಯನ್ನು ಯಮುನಾಳ ಹತ್ತಿರ ಬಿಟ್ಟು, ನಿಜವಾಗಿಯೂ ಎದ್ದಳು. ಹೊಂಬಾಳಮ್ಮ ಬೇಲಿಯ ಗೇಟು ತೆಗೆದು ಅವಳನ್ನು ಮುಂದೆ ಬಿಟ್ಟಳು. ರಂಗಕ್ಕ ಅವಸರ ಮಾಡದೆ ಒಂದೊಂದು ಮರದ ಬುಡದಲ್ಲೂ ಬಗ್ಗಿ ಮಣ್ಣು ಮುಟ್ಟಿ ನೋಡುತ್ತ ಹೋದಳು. ಹೊಂಬಾಳಮ್ಮ ಅವಳ ಹಿಂದೆ ನಡೆದಳು.